ಏನಾಗ್ತೀಯ ಅಂತ ಕೇಳೋ ಬದ್ಲು

ನಾಲ್ಕು-ಐದನೇ ಕ್ಲಾಸಿನ ಮಕ್ಕಳನ್ನ ಎಬ್ಬಿಸಿ ನಿಲ್ಲಿಸಿ ದೊಡ್ಡೋರಾದ್ಮೇಲೆ ಏನಾಗ್ತೀರಿ ಅಂತ ಕೇಳಿ ನೋಡಿ, ಯಾವ ಊರಿನ ಶಾಲೆ ಆದ್ರೂ ಉತ್ತರ ಒಂದೇ. ಡಾಕ್ಟರ್, ಪೊಲೀಸ್, ಟೀಚರ್, ಮಿಲಿಟ್ರಿ, ಈಗೀಗ ಡಿಸಿ ಅಂತಾನೂ ಹೇಳ್ತಾರೆ. ಇದ್ರಲ್ಲಿ ಯಾವುದೂ ತಪ್ಪಲ್ಲ, ಆದ್ರೆ ಇದು ಮಗು ಯೋಚ್ನೆ ಮಾಡಿ ಕೊಟ್ಟ ಉತ್ತರ ಅಲ್ಲ, ಕೇಳಿದ ದೊಡ್ಡೋರಿಗೆ ಖುಷಿ ಆಗ್ಲಿ ಅಂತ ಕೊಟ್ಟಿದ್ದು. ಆಗಸ್ಟ್ ಹದಿನೈದಕ್ಕೆ ಸ್ಟೇಜ್ ಮೇಲೆ ಖುರ್ಚಿ ಹಾಕಿಸ್ಕೊಂಡು ಕೂರೋರು ಯಾರೋ ಅವರ ಕೆಲ್ಸ ಮಾತ್ರ ಮಕ್ಕಳ ಕಣ್ಣಿಗೆ ಕೆಲ್ಸ. ಮನೇಲಿ ಅವ್ವ ಮಾಡೋದು, ಓಣಿಯಲ್ಲಿ ಮಾವ ಮಾಡೋದು ಅವರ ಲೆಕ್ಕಕ್ಕೇ ಬರಲ್ಲ.

ನಮ್ಮದು ಬ್ಯಾಡಗಿ ಹತ್ರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ತಿಂಗಳ ಮೂರನೇ ಶನಿವಾರ ಸಂಭ್ರಮ ಶನಿವಾರ, ಅಂದ್ರೆ ಮಕ್ಕಳು ಬ್ಯಾಗ್ ಇಲ್ದೆ ಬರೋ ದಿನ, ಅವತ್ತು ಏನಾದ್ರೂ ಬೇರೆ ಥರ ಮಾಡ್ಬೇಕು ಅಂತ ನಂಗೆ ಯಾವಾಗ್ಲೂ ಇರುತ್ತೆ. ಈ ಸಲ ಫೆಬ್ರವರಿ, ಮೆಣಸಿನಕಾಯಿ ಸೀಸನ್, ಊರೆಲ್ಲ ಘಾಟು, ಅರ್ಧ ಮಕ್ಕಳ ಅವ್ವಂದಿರು ತೊಟ್ಟು ಬಿಡಿಸೋ ಕೆಲ್ಸಕ್ಕೆ ಹೋಗೋ ಟೈಮು. ಏನಾಗ್ತೀಯ ಅನ್ನೋ ಪ್ರಶ್ನೇನೇ ಬೇಡ, ಬೇರೆ ಒಂದು ಕೇಳೋಣ ಅಂತ ಹೆಡ್‌ಮಾಸ್ತರಿಗೆ ಹೇಳ್ದೆ, ಅವರು ಹ್ಞೂಂ ಮಾಡ್ರಿ ಅಂದ್ರು.

ನಾನು ಕೇಳಿದ್ದು ಇಷ್ಟೇ. ಶಾಲೆ ಇಲ್ಲ, ಹೋಂವರ್ಕ್ ಇಲ್ಲ, ಮನೇಲಿ ಯಾರೂ ಅದು ಮಾಡು ಇದು ಮಾಡು ಅಂತ ಹೇಳೋರೂ ಇಲ್ಲ, ಮೊಬೈಲೂ ಇಲ್ಲ, ಆಗ ನೀವು ಏನ್ ಮಾಡ್ತೀರಿ? ಬರೀರಿ ಇಲ್ಲಾ ಚಿತ್ರ ಬಿಡಿಸ್ರಿ.

ಮೊದ್ಲು ಎಲ್ಲ ಪಕ್ಕದವರ ಹಾಳೆ ನೋಡಿದ್ರು, ಇದಕ್ಕೂ ಒಂದು ಸರಿ ಉತ್ತರ ಇರ್ಬೇಕು ಅಂದ್ಕೊಂಡು. ಸರಿ-ತಪ್ಪು ಇಲ್ಲ ಅಂತ ಮತ್ತೆ ಮತ್ತೆ ಹೇಳಿದ್ಮೇಲೆ ಶುರುವಾಯ್ತು ನೋಡಿ. ಒಬ್ಬ ಹುಡುಗಿ ಹುಣಸೆಮರ ಬರೆದು ತುತ್ತತುದೀಲಿ ತನ್ನನ್ನ ಕೂರಿಸಿದ್ಲು. ಒಬ್ಬ ಹುಡುಗ ಮಣ್ಣಿನ ಎತ್ತು ಮಾಡ್ತಾನಂತೆ, ಮಣ್ಣೆತ್ತಿನ ಅಮವಾಸ್ಯೆಗೆ ಮಾತ್ರ ಅಲ್ಲ, ವರ್ಷವಿಡೀ, ಅದಕ್ಕೆ ಅವ್ವನ ಕೈಲಿ ಏಟೂ ತಿಂತಾನಂತೆ. ಇನ್ನೊಬ್ಬನದು ಆಡು ಈಯೋವಾಗ ಅದರ ಪಕ್ಕ ಕೂತಿರೋದು. ಒಬ್ಬಳು ಮೇನ್ ರೋಡಿನ ಕಟ್ಟೆ ಮೇಲೆ ಕೂತು ಲಾರಿ ನಂಬರ್ ಬರ್ಕೋತಾಳೆ, ಒಂದು ನೋಟ್‌ಬುಕ್ಕೇ ಇಟ್ಟಿದಾಳೆ, ಕೆಎ 27 ನಮ್ಮ ಹಾವೇರಿದು, ಕೆಎಲ್ ಕೇರಳದ್ದು, ಜಿಜೆ ಗುಜರಾತಿಂದು ಎಲ್ಲ ಗೊತ್ತು, ತೆಲಂಗಾಣದ ಲಾರಿ ಮೊದ್ಲು ಟಿಎಸ್ ಇತ್ತು ಈಗ ಹೊಸವು ಟಿಜಿ ಅಂತ ಬರ್ತಾವ್ರಿ ಟೀಚರ್ ಅಂದ್ಲು. 2024ರಲ್ಲಿ ಬದಲಾದದ್ದು ಅದು, ಯಾರೂ ಹೇಳಿಕೊಡ್ದೆ ಈ ಮಗು ಕಟ್ಟೆ ಮೇಲೆ ಕೂತು ಕಂಡುಹಿಡಿದಿದೆ! ಭಾಗಾಕಾರದಲ್ಲಿ ತುಂಬ ತಡವರಿಸೋ ಹುಡುಗಿ ಇವಳು. ಅವಳ ನೋಟ್‌ಬುಕ್ ನೋಡಿದ್ಮೇಲೆ ನಂಗೆ ಅವಳಿಗೆ ಲೆಕ್ಕ ಹೆಂಗೆ ಕಲಿಸ್ಬೇಕು ಅನ್ನೋ ದಾರೀನೂ ಸಿಕ್ತು.

ಕೊನೇಲಿ ಒಬ್ಬ ಸಣ್ಣ ಹುಡುಗಿ, ಕ್ಲಾಸಲ್ಲಿ ಬಾಯೇ ಬಿಡ್ದೆ ಇರೋಳು, ಹಾಳೆ ಮೇಲೆ ಏನೂ ಬರೀದೆ ಅಲ್ಲಲ್ಲಿ ಕಲೆ ಮಾಡಿ ಕೊಟ್ಟಿದ್ಲು. ಏನವ್ವಾ ಇದು ಅಂದ್ರೆ, ಅರಿಷಿಣಕ್ಕ ಸುಣ್ಣ ಹಾಕಿದ್ರ ಕೆಂಪ್ ಆಕ್ಕೈತ್ರಿ, ದಾಸವಾಳದ ಹೂ ತಿಕ್ಕಿದ್ರ ಬ್ಯಾರೆ ಆಕ್ಕೈತಿ, ನಾ ಬಣ್ಣ ಮಾಡ್ತೀನ್ರಿ ಅಂದ್ಲು.

ಊಟ ಆದ್ಮೇಲೆ ಅತಿಥಿಗಳು. ಯಾರನ್ನ ಕರೀಬೇಕು ಅಂತ ನಾವು ಮುಂಚೆನೇ ಮಾತಾಡ್ಕೊಂಡಿದ್ವಿ, ಭಾಷಣ ಮಾಡೋರು ಬೇಡ, ತಮ್ಮ ಕೆಲಸದ ಸಾಮಾನು ಕೈಲಿ ಹಿಡ್ಕೊಂಡು ಬರೋರು ಬೇಕು ಅಂತ.

ಮೊದ್ಲು ಬಂದೋಳು ನಮ್ಮ ಶಾಲೇಲೇ ಓದಿದ ಹುಡುಗಿ, ಆಮೇಲೆ ಬಿಎಸ್ಸಿ ಕೆಮಿಸ್ಟ್ರಿ ಮಾಡಿ ಈಗ ಮೆಣಸಿನಕಾಯಿಂದ ಬಣ್ಣ ತೆಗೆಯೋ ಓಲಿಯೋರೆಸಿನ್ ಫ್ಯಾಕ್ಟರಿಯ ಲ್ಯಾಬಲ್ಲಿ ಕೆಲ್ಸ ಮಾಡ್ತಾಳೆ. ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳ್ತೀನಿ, ಬ್ಯಾಡಗಿ ಕಾಯಿಗೆ ಬೆಲೆ ಬರೋದು ಖಾರಕ್ಕಲ್ಲ, ಬಣ್ಣಕ್ಕೆ. ಸುಕ್ಕು ಸುಕ್ಕಾಗಿ ಕಡುಗೆಂಪಗಿರುತ್ತೆ, ಕಡ್ಡಿ, ಡಬ್ಬಿ ಅಂತ ಎರಡು ಥರ, 2011ರಲ್ಲಿ ಜಿಐ ಟ್ಯಾಗೂ, ಅಂದ್ರೆ ಇದು ಈ ಭಾಗದ್ದೇ ಬೆಳೆ ಅನ್ನೋ ಸರ್ಕಾರಿ ಗುರುತೂ ಸಿಕ್ಕಿದೆ, ಇದರಿಂದ ತೆಗೆದ ಬಣ್ಣ ತಿಂಡಿ ತಿನಿಸಿಗೂ ಹೋಗುತ್ತೆ, ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗುತ್ತೆ. ಅವಳು ಎರಡು ಗಾಜಿನ ಬಾಟಲಿ ತಂದಿದ್ಲು. ಲ್ಯಾಬಲ್ಲಿ ಅಸಿಟೋನ್ ಹಾಕೋದು, ಅದು ಬೆಂಕಿ ಹಿಡಿಯೋ ಐಟಂ, ಶಾಲೆಗೆ ಬೇಡ ಅಂತ ಅಡುಗೆ ಎಣ್ಣೇಲೇ ಪುಡಿ ನೆನೆಸಿ ಸೋಸಿ ತಂದಿದ್ಲು, ಒಂದರಲ್ಲಿ ಬ್ಯಾಡಗಿ ಪುಡಿ, ಇನ್ನೊಂದರಲ್ಲಿ ಗುಂಟೂರು ಪುಡಿ, ಎರಡೂ ಒಂದೇ ಅಳತೆ. ಕಿಟಕಿ ಹಾಕಿಸಿ ಮೊಬೈಲ್ ಟಾರ್ಚ್ ಬಾಟಲಿ ಹಿಂದೆ ಹಿಡಿದ್ಲು. ಗುಂಟೂರಿನ ಬಾಟಲಿಯಿಂದ ಬೆಳಕು ಕಿತ್ತಳೆ ಬಣ್ಣದಲ್ಲಿ ಗೋಡೆ ಮೇಲೆ ಬಿತ್ತು. ಬ್ಯಾಡಗಿದ್ರಲ್ಲಿ ಬೆಳಕು ಒಳಗೇ ನಿಂತುಬಿಟ್ಟಿತು, ಅಂಚಲ್ಲಿ ಮಾತ್ರ ಕೆಂಪು. ಬೆಳಕನ್ನ ಎಷ್ಟು ತಡೀತು ಅಂತ ಒಂದು ಮಷೀನ್ ಅಳೆಯುತ್ತೆ, ಅದ್ರಿಂದ ಒಂದು ನಂಬರ್ ಸಿಗುತ್ತೆ, ಅದಕ್ಕೆ ಆಸ್ಟಾ ಅಂತಾರೆ, ನಂಬರ್ ಜಾಸ್ತಿ ಇದ್ರೆ ಕಾಯಿಗೆ ಬೆಲೆ ಜಾಸ್ತಿ ಅಂತ ಹೇಳಿದ್ಲು.

ಆ ಬಣ್ಣದ ಹುಡುಗಿ ಬೆಂಚಿಂದ ಎದ್ದು ಮುಂದೆ ಬಂದಿದ್ದು ನಾನು ನೋಡ್ಲೇ ಇಲ್ಲ, ಬಾಟಲಿ ಪಕ್ಕಾನೇ ನಿಂತಿದ್ಲು. ಬಣ್ಣಕ್ಕ ಮಾರ್ಕ್ಸ್ ಕೊಡ್ತಾರೇನ್ರಿ ಅಕ್ಕಾ ಅಂತ ಕೇಳಿದ್ಲು. ಹೂನವಾ, ನಾನೇ ಕೊಡೋದು, ಅದೇ ನನ್ ಕೆಲ್ಸ ಅಂದ್ಲು ಲ್ಯಾಬ್ ಹುಡುಗಿ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ, ಹಳೇ ಕಾಯಿ ಆದ್ರೆ ಮಾರ್ಕ್ಸ್ ಕಮ್ಮಿ ಆಕ್ಕೈತೇನು, ಬಿಸಿಲಾಗ ಇಟ್ರೆ ಏನಾಕ್ಕೈತಿ. ಬಿಸಿಲು, ಸೆಕೆಗೆ ಬಣ್ಣ ಇಳಿಯುತ್ತೆ, ಅದಕ್ಕೇ ಬ್ಯಾಡಗಿ ಸುತ್ತಮುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರೋದು ಅಂತ ಅವಳಿಗೆ ಅವತ್ತು ಗೊತ್ತಾಯ್ತು, ದಿನಾ ಅದರ ಮುಂದೇನೇ ನಡ್ಕೊಂಡು ಶಾಲೆಗೆ ಬರೋಳು. ವರ್ಷವೆಲ್ಲ ಆ ಮಗು ಕ್ಲಾಸಲ್ಲಿ ಆಡಿದ್ದಕ್ಕಿಂತ ಜಾಸ್ತಿ ಮಾತು ಅವತ್ತು ಆಡಿದ್ಲು.

ಎರಡನೇ ಅತಿಥಿ ಒಬ್ಬ ಹುಡುಗನ ಅವ್ವ, ತೊಟ್ಟು ಬಿಡಿಸಿ ಕಾಯಿ ಆರಿಸೋ ಕೆಲಸದವರು. ಕರೆಯೋಕೆ ಹೋದಾಗ ನಂದೇನ್ ಕೆಲ್ಸ ಬಿಡ್ರಿ ಟೀಚರ್, ಸಾಲಿ ಕಲಿತೋರನ್ನ ಕರೀರಿ ಅಂದಿದ್ರು, ಒತ್ತಾಯ ಮಾಡಿ ಕರ್ಕೊಂಡು ಬಂದ್ವಿ. ಒಂದು ಮೊರದ ತುಂಬ ಕಾಯಿ ಇಟ್ಟು ಕಣ್ಣಿಗೆ ಬಟ್ಟೆ ಕಟ್ಟಿದ್ವಿ, ಅವರದೇ ಐಡಿಯಾ ಅದು. ಒಂದೊಂದೇ ಕಾಯಿ ಎತ್ತಿ ಕಿವಿ ಹತ್ರ ಅಲ್ಲಾಡಿಸಿ ಒಣಗಿದ್ದು, ಹಸಿ ಇದ್ದಿದ್ದು ಬೇರೆ ಬೇರೆ ಗುಡ್ಡೆ ಹಾಕ್ತಾ ಹೋದ್ರು. ಒಣಗಿದ್ರೆ ಒಳಗೆ ಬೀಜ ಗಿಲಿಗಿಲಿ ಅನ್ನುತ್ತೆ, ತೇವ ಇದ್ರೆ ಸದ್ದಿಲ್ಲ, ತೇವದ ಕಾಯಿ ಚೀಲಕ್ಕೆ ಹೋದ್ರೆ ಬೂಷ್ಟು ಬಂದು ಪೂರ್ತಿ ಚೀಲಾನೇ ಹಾಳು. ಮಕ್ಕಳೂ ಟ್ರೈ ಮಾಡಿದ್ರು, ಬರ್ಲಿಲ್ಲ. ಅವರ ಮಗ ಇದ್ದಾನಲ್ಲ, ಅವ್ವ ಏನ್ ಕೆಲ್ಸ ಮಾಡ್ತಾರೆ ಅಂದ್ರೆ ಯಾವಾಗ್ಲೂ ಮನ್ಯಾಗ ಇರ್ತಾಳ್ರಿ ಅಂತ ಹೇಳೋನು, ಅವತ್ತು ನಮ್ಮವ್ವರಿ ಅಂತ ಎದೆ ಉಬ್ಬಿಸಿ ಎಲ್ಲರಿಗೂ ಹೇಳ್ತಿದ್ದ. ಕಿವಿ, ಬೆರಳು, ಅನುಭವ ಎಲ್ಲ ಸೇರಿದ ಇಂಥ ಕೌಶಲಕ್ಕೆ ನಮ್ಮಲ್ಲಿ ಸಿಗೋ ಕೂಲಿ ಬಹಳ ಕಮ್ಮಿ, ಅದು ನಂಗೆ ಒಪ್ಪಿಗೆ ಇಲ್ಲ, ಮಕ್ಕಳಿಗೂ ಅದನ್ನ ಹಂಗೇ ಹೇಳ್ದೆ.

ಪಶು ಆಸ್ಪತ್ರೆಯವರು ಕಾಲುಬಾಯಿ ಜ್ವರದ ಲಸಿಕೆ ಹಾಕೋಕೆ ಹೋಗಿದ್ರಿಂದ ಬರೋಕಾಗ್ಲಿಲ್ಲ. ಆಡಿನ ಹುಡುಗನಿಗೆ ಬೇಜಾರಾಯ್ತು, ಎಸ್ಸೆಸ್ಸೆಲ್ಸಿ ಆದ್ಮೇಲೆ ಪಶುಸಂಗೋಪನೆ ಡಿಪ್ಲೊಮಾ ಅಂತ 2 ವರ್ಷದ್ದು ಇದೆ, ನಮ್ಮ ಜಿಲ್ಲೆ ಶಿಗ್ಗಾಂವಿಯಲ್ಲೇ ಅದರ ಪಾಲಿಟೆಕ್ನಿಕ್ ಇದೆ, ಇನ್ನೂ ಓದ್ತೀನಿ ಅಂದ್ರೆ ಐದೂವರೆ ವರ್ಷದ ಡಾಕ್ಟರ್ ಕೋರ್ಸೂ ಇದೆ ಅಂತ ನಾನೇ ಹೇಳ್ದೆ. ಮಣ್ಣೆತ್ತಿನ ಹುಡುಗನ ವಿಷ್ಯ ಹೇಳ್ಬೇಕು ಅಂದ್ರೆ, ಅದೇ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಟ್ರಿಪ್ ಹೋದಾಗ ಉಳಿದೋರೆಲ್ಲ ಮೂರ್ತಿಗಳ ಜೊತೆ ಫೋಟೋ ತೆಗೆಸ್ಕೋತಿದ್ರೆ ಇವನು ಮಾತ್ರ ಒಂದು ಎತ್ತಿನ ಹೊಟ್ಟೆ ಕೆಳಗೆ ಬಗ್ಗಿ ಒಳಗ ಕಬ್ಬಿಣ ಹಾಕ್ಯಾರೇನ್ರಿ, ಇಲ್ಲಾಂದ್ರ ಕಾಲು ಹೆಂಗ್ ತಡಿತಾವ ಅಂತ ಕೇಳಿದ್ದ. ಕಲಾವಿದ ಟಿ.ಬಿ. ಸೊಲಬಕ್ಕನವರ್ ಕಟ್ಟಿದ ಆ ಜಾಗ ಇವನಿಗೆ ಇವತ್ತಿಗೂ ಕನಸಲ್ಲಿ ಬರುತ್ತಂತೆ.

ಕೊನೆಗೆ ಬಂದೋರು ಲೈನ್‌ಮನ್. ಸೊಂಟದ ಬೆಲ್ಟು, ರಬ್ಬರ್ ಗ್ಲೌಸು, ಲೈನಲ್ಲಿರೋ ಕರೆಂಟು ನೆಲಕ್ಕೆ ಇಳಿಯೋ ಹಂಗೆ ಹಾಕೋ ಅರ್ಥಿಂಗ್ ರಾಡು ಎಲ್ಲ ಟೇಬಲ್ ಮೇಲೆ ಇಟ್ರು. ಈ ಕೆಲ್ಸದಲ್ಲಿ ಜೀವಕ್ಕೆ ಅಪಾಯ ಇದೆ, ಲೈನ್ ಆಫ್ ಮಾಡಿಸಿ, ಚೆಕ್ ಮಾಡಿ, ಅರ್ಥಿಂಗ್ ಹಾಕ್ದೆ ಕೈ ಹಚ್ಚಬಾರದು ಅಂತ ಮುಚ್ಚುಮರೆ ಇಲ್ದೆ ಹೇಳಿದ್ರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಮೇಲೆ ಕರೀತಾರೆ, ಆದ್ರೆ ಓಟದ ಜೊತೆ 8 ಮೀಟರ್ ಕಂಬ ಹತ್ತಿ ತೋರಿಸ್ಲೇಬೇಕು ಅಂದ್ರು. ಕಂಬ ಹತ್ತೋದು ಅಂತಿದ್ದಂಗೆ ಹುಣಸೆಮರದ ಹುಡುಗಿ ಕೈ ಎತ್ತಿದ್ಲು, ಹುಡುಗ್ರು ನಕ್ರು, ಕೈ ಕೆಳಗಿಳಿತು. ಒಂದು ಕ್ಷಣದ್ದು ಇದು, ಆದ್ರೆ ನಂಗೆ ಬಹಳ ಚುರುಕ್ ಅಂತು. ಲಿಂಡಾ ಗಾಟ್‌ಫ್ರೆಡ್ಸನ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞೆ 1981ರಲ್ಲೇ ಬರೆದಿದ್ದಾರೆ, ಮಕ್ಕಳು ಆರರಿಂದ ಎಂಟು ವರ್ಷದೊಳಗೇ ಇದು ಗಂಡು ಕೆಲ್ಸ, ಇದು ಹೆಣ್ಣು ಕೆಲ್ಸ ಅಂತ ಪಾಲು ಮಾಡಿ ಅರ್ಧ ಬಾಗ್ಲು ಹಾಕಿಬಿಡ್ತಾರೆ, ಒಂಬತ್ತರಿಂದಾಚೆ ಇದು ದೊಡ್ಡ ಕೆಲ್ಸ, ಇದು ಸಣ್ಣ ಕೆಲ್ಸ ಅಂತ ಇನ್ನಷ್ಟು ಬಾಗ್ಲು ಹಾಕ್ತಾರೆ ಅಂತ. ನಮ್ಮ ಕ್ಲಾಸಲ್ಲಿ ಅದೇ ಆಗ್ತಿತ್ತು. ನಾನು ಬಾಯಿ ತೆಗೆಯೋಕೆ ಮುಂಚೆ ಲೈನ್‌ಮನ್ನೇ ಹೇಳಿದ್ರು, ಕಂಬಕ್ಕೇನ್ ಗೊತ್ತಾಕ್ಕೈತೇನಪಾ ಹತ್ತೋರು ಹುಡುಗ್ರೋ ಹುಡಿಗ್ಯಾರೋ ಅಂತ, ಹೆಣ್ಮಕ್ಳೂ ಅರ್ಜಿ ಹಾಕ್ಬಹುದು ಈಗ ಅಂತಾನೂ ಹೇಳಿ, ಆ ಬೆಲ್ಟ್ ಅವಳ ಸೊಂಟಕ್ಕೆ ಕಟ್ಟಿ ತೋರಿಸಿದ್ರು. ಎರಡು ಸುತ್ತು ಬಂತು ಅದು ಅವಳಿಗೆ. ಆಮೇಲೆ ಯಾರೂ ನಗ್ಲಿಲ್ಲ, ನಂಗೊಂದ್ಸಲ ರೀ ಅಂತ ಕ್ಯೂ ನಿಂತ್ರು.

ಮಾರನೇ ವಾರ ಅವಳ ಅಪ್ಪ ಶಾಲೆಗೆ ಬಂದ್ರು, ಸಿಟ್ಟಲ್ಲಿ ಅಲ್ಲ, ಹೆದ್ರಿಕೆಯಲ್ಲಿ. ಟೀಚರ್, ನಮ್ ಹುಡಿಗಿಗೆ ಕಂಬ ಹತ್ತೋ ಆಸೆ ಹಚ್ಚಬ್ಯಾಡ್ರಿ ಅಂದ್ರು. ಅವರ ಹೆದ್ರಿಕೆ ನಂಗೆ ಅರ್ಥ ಆಗುತ್ತೆ. ಅವಳು ಲೈನ್‌ಮನ್ನೇ ಆಗ್ಬೇಕು ಅಂತ ಯಾರೂ ಬರೆದಿಟ್ಟಿಲ್ರಿ, ಎತ್ತರಕ್ಕೆ ಹೆದರಲ್ಲ, ಕೈಕಾಲು ಗಟ್ಟಿ, ಬ್ಯಾಲೆನ್ಸ್ ಇದೆ, ಇದು ಫೈರ್ ಸರ್ವಿಸ್‌ಗೂ ಬೇಕು, ಫಾರೆಸ್ಟ್‌ಗೂ ಬೇಕು, ಬ್ರಿಡ್ಜ್ ಕಟ್ಟೋ ಎಂಜಿನಿಯರ್‌ಗೂ ಬೇಕು, ಅವಳೇ ನಾಳೆ ಬೇರೆ ಏನೋ ಇಷ್ಟ ಅನ್ನಬಹುದು, ಹತ್ತು ವರ್ಷದ ಮಗು ಅದು ಅಂತ ಹೇಳ್ದೆ. ಮೊದ್ಲು ಎಸ್ಸೆಸ್ಸೆಲ್ಸಿ ಮುಗೀಲಿ ಅಂದ್ರು. ಹಂಗಾರೆ ಅದೊಂದು ಮಾತು ಕೊಡ್ರಿ, ಎಸ್ಸೆಸ್ಸೆಲ್ಸಿಗೆ ಮುಂಚೆ ಬಿಡಿಸಲ್ಲ ಅಂತ, ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಆತು ಬಿಡ್ರಿ ಅಂದ್ರು.

ನಾನೀಗ ಒಂದು ರಿಜಿಸ್ಟರ್ ಶುರು ಮಾಡಿದೀನಿ, ಅದರಲ್ಲಿ ಮಗು ಏನಾಗುತ್ತೆ ಅನ್ನೋ ಕಾಲಮ್ಮೇ ಇಲ್ಲ, ಏನ್ ಮಾಡ್ತಾ ಟೈಮ್ ಮರೆಯುತ್ತೆ, ಯಾವ ಪ್ರಶ್ನೆ ಕೇಳ್ತು, ಇವೆರಡೇ. ಪೆನ್ಸಿಲಲ್ಲಿ ಬರೀತೀನಿ, ಬದಲಾದಾಗ ಅಳಿಸೋಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನವರಿಗೆ 10 ದಿನ ಬ್ಯಾಗ್ ಇಲ್ದೆ ಬಡಿಗರು, ಕುಂಬಾರರು, ಕಲಾವಿದರು ಇಂಥವರ ಹತ್ರ ಕಲೀಲಿ ಅಂತ ಇದೆ, ಒಳ್ಳೇದೇ, ಆದ್ರೆ ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಆ ಹುಡುಗಿಯ ಕೈ ಕೆಳಗಿಳಿದು ಎಷ್ಟು ವರ್ಷ ಆಗಿರುತ್ತೆ ಯೋಚ್ನೆ ಮಾಡಿ. ನಾಲ್ಕನೇ ಕ್ಲಾಸಿಂದಾನೇ ಆಗ್ಬೇಕು ಇದು, ಇನ್ನೂ ಮುಂಚೆ ಆದ್ರೆ ಇನ್ನೂ ಒಳ್ಳೇದು.

ಬರೋ ಗುರುವಾರ ಮಾರ್ಕೆಟ್‌ಗೆ ಕರ್ಕೊಂಡು ಹೋಗ್ತಿದೀವಿ. ಸೋಮವಾರ, ಗುರುವಾರ ಅಲ್ಲಿ ಟೆಂಡರ್ ದಿನ, ಕೆಂಪು ಗುಡ್ಡೆಗಳ ಮಧ್ಯೆ ಹಮಾಲರು, ದಲಾಲರು, ತೂಕದವರು, ಕಂಪ್ಯೂಟರ್ ಮುಂದೆ ರೇಟ್ ನೋಡೋರು ಎಲ್ಲ ಸಿಗ್ತಾರೆ. ಒಬ್ಬೊಬ್ಬ ಮಗು ಒಬ್ಬರ ಕೆಲ್ಸ ಮಾತ್ರ ನೋಡ್ಬೇಕು, ಅವರನ್ನ ಮೂರು ಪ್ರಶ್ನೆ ಕೇಳ್ಬೇಕು. ಲಾರಿ ನಂಬರ್ ಹುಡುಗಿಗೆ ಟೆಂಡರ್ ಕಂಪ್ಯೂಟರ್ ನೋಡೋಕೆ ಹಾಕಿದ್ದೆ, ಬ್ಯಾಡ್ರಿ, ನಾ ಲಾರಿ ಲೋಡ್ ಬರ್ಕೊಳೋರ ಹತ್ರ ಹೋಗ್ತೀನಿ, ಯಾವ ಊರಿಗೆ ಎಷ್ಟ್ ಚೀಲ ಹೋಗ್ತಾವ ನೋಡ್ಬೇಕು ಅಂತ ಬದಲಾಯಿಸ್ಕೊಂಡ್ಲು. ಎಪಿಎಂಸಿಯವರಿಗೆ ಪರ್ಮಿಷನ್ ಲೆಟರ್ ಕೊಟ್ಟಾಗಿದೆ, ಇಬ್ಬರು ಅವ್ವಂದಿರು ಜೊತೆಗೆ ಬರ್ತೀವಿ ಅಂದಿದಾರೆ, ಘಾಟಿಗೆ ಕೆಮ್ಮು ಬರುತ್ತೆ ಅಂತ ಎಲ್ಲರಿಗೂ ಒಂದೊಂದು ಕರ್ಚೀಫ್, ನೀರಿನ ಬಾಟಲ್ ತರೋಕೆ ಹೇಳಿದೀನಿ.