ಸರಿಯಿದ್ದ ಡಬ್ಬಕ್ಕೆ ರಾತ್ರೋರಾತ್ರಿ ಅಪ್‌ಡೇಟು

ಶನಿವಾರ ಬೆಳಿಗ್ಗೆ ಅಮ್ಮ ಟಿವಿ ಹಾಕಿದವ್ರೇ ನನ್ನ ಕರೆದ್ರು, "ನೋಡೋ, ಇದು ಯಾಕೋ ಬಾವಿಯೊಳಗಿಂದ ಮಾತಾಡ್ದಂಗೆ ಕೇಳ್ತಿದೆ" ಅಂತ. ಹೋಗಿ ನೋಡಿದ್ರೆ ಸೌಂಡು ಟಿವಿಯ ಸ್ವಂತ ಸ್ಪೀಕರಿಂದ ಬರ್ತಿದೆ, ಪಕ್ಕದಲ್ಲಿರೋ ಎರಡು ದೊಡ್ಡ ಸ್ಪೀಕರ್ ಸುಮ್ನೆ ಕೂತಿವೆ. ಟಿವಿ ಮೆನುವಲ್ಲಿ ಆಡಿಯೋ ಔಟ್‌ಪುಟ್ ಅಂತಿರೋ ಕಡೆ ಎಚ್‌ಡಿಎಂಐ ಆರ್ಕ್ (ಟಿವಿ ಸೌಂಡನ್ನ ಕೇಬಲ್ಲಲ್ಲಿ ಹೊರಗಿನ ಸ್ಪೀಕರಿಗೆ ಕಳಿಸೋದು) ಅನ್ನೋ ಆಯ್ಕೆಯೇ ಮಂಕಾಗಿದೆ, ಒತ್ತೋಕೂ ಬರಲ್ಲ.

ನಮ್ಮನೇಲಿ ಆ ಸ್ಪೀಕರ್ ನಡೆಸೋ ಡಬ್ಬ ಅಂದ್ರೆ ಒಳಗೇ ಆಂಪ್ಲಿಫೈಯರ್ ಇರೋ ಚಿಕ್ಕ ಸ್ಟ್ರೀಮರ್ (ನೆಟ್ಟಿಂದ ಹಾಡು ತಂದು ಹಾಡಿಸೋದು), ಹಾಡಿಗೆ ವೈಫೈ, ಟಿವಿಗೆ ಒಂದೇ ಎಚ್‌ಡಿಎಂಐ ಕೇಬಲ್ಲು, ಅಷ್ಟೇ. ಎಂಟು ತಿಂಗಳು ಒಂದು ದಿನಾನೂ ತಕರಾರು ಮಾಡಿರ್ಲಿಲ್ಲ. ಆಪ್ ತೆಗೆದು ನೋಡಿದ್ರೆ ರಾತ್ರಿ ಎರಡೂವರೆಗೆ ಹೊಸ ಫರ್ಮ್‌ವೇರ್ (ಡಬ್ಬದೊಳಗಿನ ಸಾಫ್ಟ್‌ವೇರ್) ಬಂದು ಕೂತಿದೆ, ಏನು ಬದಲಾಯ್ತು ಅಂತ ಬರೆದಿರೋದು ಒಂದೇ ಸಾಲು, "ದೋಷ ಪರಿಹಾರ ಮತ್ತು ಸುಧಾರಣೆ". ಯಾವ ದೋಷ, ಎಂಥ ಸುಧಾರಣೆ, ಒಂದಕ್ಷರ ಇಲ್ಲ. ಕಳ್ಳ ಸಿಕ್ಕಿದ ಅಂದ್ಕೊಂಡೆ.

ಮೊದ್ಲು ಎಲ್ಲರೂ ಮಾಡೋದನ್ನೇ ಮಾಡ್ದೆ, ಕೇಬಲ್ ಕಿತ್ತು ಮತ್ತೆ ಚುಚ್ಚಿದೆ, ಬೇರೆ ಕೇಬಲ್ ಹಾಕ್ದೆ, ಪೋರ್ಟ್ ಪಕ್ಕ ಆರ್ಕ್ ಅಂತ ಬರೆದಿದ್ಯಾ ಅಂತ ಮೊಬೈಲ್ ಟಾರ್ಚ್ ಹಾಕಿ ಟಿವಿ ಹಿಂದೆ ತಲೆ ತೂರಿಸಿ ನೋಡ್ದೆ (ಎಲ್ಲಾ ಪೋರ್ಟಲ್ಲೂ ಆರ್ಕ್ ಇರಲ್ಲ, ಸಾಮಾನ್ಯವಾಗಿ ಒಂದರಲ್ಲೇ ಇರೋದು), ರಿಮೋಟಲ್ಲಿ ಆಫ್ ಆನ್ ಆಫ್ ಆನ್ ಮಾಡಿ ಬೆರಳು ನೋವು ಬಂತೇ ಹೊರತು ಏನೂ ಆಗ್ಲಿಲ್ಲ.

ಆಮೇಲೆ ಕೂತು ಓದ್ದಾಗ ಗೊತ್ತಾಗಿದ್ದು ಏನಂದ್ರೆ, ಆರ್ಕ್ ಅನ್ನೋದು ಬರೀ ತಂತಿ ವಿಷಯ ಅಲ್ಲ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದಿದ್ದಿದು, ಟಿವಿಯಿಂದ ಸೌಂಡು ಅದೇ ಕೇಬಲ್ಲಲ್ಲಿ ವಾಪಸ್ ಹೋಗ್ಬೇಕಾದ್ರೆ ಮೊದ್ಲು ಟಿವಿನೂ ಡಬ್ಬಾನೂ ಪರಸ್ಪರ ಮಾತಾಡ್ಕೊಂಡು ಒಪ್ಕೋಬೇಕು, ಆ ಮಾತುಕತೆ ನಡೆಯೋದು ಸಿಇಸಿ ಅನ್ನೋ ದಾರೀಲಿ, ಎಚ್‌ಡಿಎಂಐನ 19 ಪಿನ್ನಲ್ಲಿ 13ನೇ ಪಿನ್ನು. ಅದರ ವೇಗ ಸೆಕೆಂಡಿಗೆ ಸುಮಾರು 400 ಬಿಟ್ ಅಷ್ಟೇ. ಮಾಮೂಲಿ ಸ್ಟೀರಿಯೋ ಪಿಸಿಎಂ (ಕುಗ್ಗಿಸದೆ ಹಂಗೇ ಕಳಿಸೋ) ಸೌಂಡು ಸೆಕೆಂಡಿಗೆ 15 ಲಕ್ಷ ಬಿಟ್ ದಾಟುತ್ತೆ, ಆದ್ರೂ ಈ ಆಮೆ ಹೂಂ ಅನ್ನೋವರೆಗೂ ಬಾಗಿಲಲ್ಲೇ ಕಾಯ್ತಾ ನಿಂತಿರ್ಬೇಕು! ಇನ್ನೊಂದು ತಮಾಷೆ, ಟಿವಿ ಮೆನುವಲ್ಲಿ ಸಿಇಸಿ ಅಂತ ಹುಡುಕಿದ್ರೆ ಸಿಗಲ್ಲ, ಸ್ಯಾಮ್‌ಸಂಗ್‌ನವ್ರು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವ್ರು ಸಿಂಪ್ಲಿಂಕ್, ಸೋನಿಯವ್ರು ಬ್ರಾವಿಯಾ ಸಿಂಕ್. ಇರೋದು ಒಂದೇ ದೇವ್ರು, ನಾಮ ಮಾತ್ರ ನೂರೆಂಟು.

ನಮ್ಮ ಕೇಸಲ್ಲಿ ಡಬ್ಬ ಹೊಸ ಫರ್ಮ್‌ವೇರಲ್ಲಿ ಹೊಸದಾಗಿ ಎದ್ದಿತ್ತು, ಟಿವಿ ಇನ್ನೂ ಹಳೇ ಪರಿಚಯಾನೇ ನೆನಪಿಟ್ಕೊಂಡಿತ್ತು. ರಿಮೋಟಲ್ಲಿ ಆಫ್ ಮಾಡಿದ್ರೆ ಟಿವಿ ಪೂರ್ತಿ ಆಫ್ ಆಗಲ್ಲ, ಸ್ಟ್ಯಾಂಡ್‌ಬೈಗೆ ಹೋಗುತ್ತೆ ಅಷ್ಟೇ, ಆ ನೆನಪು ಹಂಗೇ ಇರುತ್ತೆ. ಹಂಗಾಗಿ ಎರಡರದ್ದೂ ಪ್ಲಗ್ಗು ಗೋಡೆಯಿಂದ್ಲೇ ಕಿತ್ತೆ, ಎಚ್‌ಡಿಎಂಐನೂ ಬಿಚ್ಚಿಟ್ಟೆ, ಹತ್ತು ನಿಮಿಷ ಆ ಕಡೆ ಹೋಗ್ಲೇ ಇಲ್ಲ. ವಾಪಸ್ ಬಂದು ಕೇಬಲ್ ಹಾಕಿ, ಮೊದ್ಲು ಟಿವಿ, ಅದು ಪೂರ್ತಿ ಎದ್ದ ಮೇಲೆ ಡಬ್ಬ, ಸಿಇಸಿ ಒಂದ್ಸಲ ಆಫ್ ಮಾಡಿ ಆನ್. ಮಂಕಾಗಿದ್ದ ಆಯ್ಕೆ ಬೆಳಗ್ತು! ಸೌಂಡು ಬಂತು, ಅಮ್ಮಂಗೂ ಖುಷಿ, ನನಗಂತೂ ಎರಡು ಕೊಂಬು ಬಂದಿದ್ವು.

ಕೊಂಬು ಸಂಜೆಗೇ ಉದುರಿತು. ರಾತ್ರಿ ಒಂದು ಸಿನಿಮಾ ಹಾಕಿದ್ರೆ ಚಿತ್ರ ಓಡ್ತಿದೆ, ಸೌಂಡು ಸೊನ್ನೆ. ನ್ಯೂಸ್ ಚಾನೆಲ್ಲಿಗೆ ಹೋದ್ರೆ ಕಿವಿ ತೂತಾಗೋಷ್ಟು ಸೌಂಡು, ಸಿನಿಮಾಕ್ಕೆ ವಾಪಸ್ ಬಂದ್ರೆ ಮತ್ತೆ ಸ್ಮಶಾನ ಮೌನ. ಆ ಡಬ್ಬಕ್ಕೆ ನಾನು ಬೈದ ಬೈಗುಳ ಇಲ್ಲಿ ಬರೆಯೋ ಹಂಗಿಲ್ಲ. ಹಳೇ ಫರ್ಮ್‌ವೇರಿಗೆ ವಾಪಸ್ ಹೋಗೋಣ ಅಂದ್ರೆ ಅದಕ್ಕೆ ದಾರೀನೇ ಇಟ್ಟಿಲ್ಲ. ಆಮೇಲೆ ಇನ್ನೊಂದು ಅಪ್‌ಡೇಟು ಬಂದಿದೆ ಅಂತ ಆಪ್ ತೋರಿಸ್ತು, ಹಾಳಾಗ್ಲಿ ಅಂತ ಒತ್ತಿದೆ, 63 ಪರ್ಸೆಂಟಲ್ಲಿ ನಿಂತ್ಹೋಯ್ತು, "ವಿಫಲ" ಅಂತ ಕೆಂಪಕ್ಷರ ಬಂತು. ಪ್ಲಗ್ ಕೀಳೋಕೆ ಕೈ ಹೋಗಿತ್ತು, ಅಷ್ಟ್ರಲ್ಲಿ ಡಬ್ಬದ ಮುಂದಿನ ಲೈಟು ಇನ್ನೂ ನಿಧಾನಕ್ಕೆ ಮಿಣಮಿಣ ಅಂತಿರೋದು ಕಣ್ಣಿಗೆ ಬಿತ್ತು. ಕೈ ಕಟ್ಕೊಂಡು ಕೂತೆ. ಏಳೆಂಟು ನಿಮಿಷ ಆದ್ಮೇಲೆ ತಾನೇ ರೀಸ್ಟಾರ್ಟ್ ಆಗಿ ಸರಿಯಾಗಿ ಎದ್ದು ಬಂತು. ಫೋನು ಮಧ್ಯದಲ್ಲಿ ವೈಫೈ ಬಿಟ್ಟಿತ್ತು ಅಷ್ಟೇ, ಫರ್ಮ್‌ವೇರನ್ನ ಇಳಿಸ್ಕೊಳ್ಳೋದು ಡಬ್ಬಾನೇ, ಆಪ್ ಬರೀ ಕಾಮೆಂಟರಿ ಹೇಳೋದು. ಬರೆಯೋ ಹೊತ್ತಲ್ಲಿ ಕರೆಂಟ್ ಕಿತ್ತಿದ್ರೆ ಇವತ್ತು ಅದನ್ನ ಪೇಪರ್ ಹಾರದಂಗೆ ಇಡೋಕೆ ಬಳಸ್ತಿದ್ನೋ ಏನೋ.

ಅಷ್ಟಾದ್ರೂ ಸಿನಿಮಾಗೆ ಸೌಂಡಿಲ್ಲ.

ಸೋಮವಾರ ರಾತ್ರಿ, ಯಾಕೋ ಏನೋ, ಟಿವಿ ಸೆಟ್ಟಿಂಗಲ್ಲಿ "ಬಗ್ಗೆ" (ಅಬೌಟ್) ಅನ್ನೋ ಪುಟ ತೆಗೆದೆ. ನೋಡಿದ್ರೆ ಟಿವಿನೂ ಅದೇ ಶುಕ್ರವಾರ ರಾತ್ರಿ ಅಪ್‌ಡೇಟ್ ಆಗಿದೆ! ಆಗಿದ್ದಲ್ದೆ ಡಿಜಿಟಲ್ ಸೌಂಡ್ ಔಟ್‌ಪುಟ್ ಅನ್ನೋದನ್ನ ಪಿಸಿಎಂನಿಂದ ಆಟೋಗೆ ತಳ್ಳಿದೆ. ನಮ್ಮ ಡಬ್ಬ ಪಾಪ ಎರಡು ಚಾನೆಲ್ಲಿಂದು, ಆರ್ಕಲ್ಲಿ ಪಿಸಿಎಂ ಮಾತ್ರ ಅದಕ್ಕೆ ಅರ್ಥ ಆಗೋದು. ನ್ಯೂಸು ಸ್ಟೀರಿಯೋ, ಅದನ್ನ ಟಿವಿ ಪಿಸಿಎಂ ಮಾಡಿ ಕಳಿಸ್ತಿತ್ತು. ಸಿನಿಮಾ 5.1 ಡಾಲ್ಬಿ (ಆರು ಚಾನೆಲ್ ಸೌಂಡನ್ನ ಕುಗ್ಗಿಸಿ ಕಟ್ಟಿರೋದು), ಅದನ್ನ ಬಿಚ್ಚದೆ ಹಂಗೇ ಕಟ್ಟಿದ ಗಂಟು ಎಸೀತಿತ್ತು, ಇದಕ್ಕೆ ಗಂಟು ಬಿಚ್ಚೋಕೆ ಬರಲ್ಲ. ಪಿಸಿಎಂಗೆ ವಾಪಸ್ ಹಾಕಿದ ಮರುಕ್ಷಣ ಸಿನಿಮಾ ಬಾಯಿ ಬಿಡ್ತು. ಮೂರು ದಿನ ಬೈಸ್ಕೊಂಡ ಡಬ್ಬಕ್ಕೆ ಅರ್ಧ ಪಾಲು ಬೈಗುಳ ವಾಪಸ್ ತಗೊಂಡಿದೀನಿ, ಎತ್ತು ಏರಿಗೆಳೀತು, ಕೋಣ ನೀರಿಗೆಳೀತು, ನಡುವೆ ಬಿದ್ದಿದ್ದು ನಾನು. ಹೊಸ ಟಿವಿ, ಹೊಸ ಡಬ್ಬ ತಗೊಳೋರು ಎರಡರಲ್ಲೂ ಇ-ಆರ್ಕ್ (ಆರ್ಕಿನ ಹೊಸ ರೂಪ) ಇದ್ಯಾ ನೋಡ್ಕೊಳ್ಳಿ, ಅದು ಸೌಂಡಿನ ಮಾತುಕತೆಗೆ ಸಿಇಸಿ ಕಾಲು ಹಿಡಿಯಲ್ಲ, ತನ್ನದೇ ದಾರಿ ಇದೆ. ವಾಲ್ಯೂಮ್ ಬಟನ್ನಿಗೆ ಮಾತ್ರ ಆಗ್ಲೂ ಸಿಇಸಿನೇ.

ಬಾಯಿ ಮೊದ್ಲು ಮಾತು ಆಮೇಲೆ ಬರೋ ಕಾಟಾನೂ ಸ್ವಲ್ಪ ಇತ್ತು. ಟಿವಿಯಲ್ಲಿ ಆಡಿಯೋ ಡಿಲೇ ಅಂತ ಕೊಟ್ಟಿರ್ತಾರೆ, ಅದು ಸೌಂಡನ್ನ ಇನ್ನೂ ತಡ ಮಾಡ್ಬಹುದು, ಬೇಗ ಮಾಡೋಕಾಗಲ್ಲ, ತಡವಾಗಿ ಬರ್ತಿರೋ ಸೌಂಡಿಗೆ ಅದ್ರಿಂದ ಮೂರು ಕಾಸಿನ ಉಪಯೋಗ ಇಲ್ಲ. ಡಬ್ಬದಲ್ಲಿ ಹೊಸದಾಗಿ ಸೇರಿದ್ದ ರೂಮ್ ಕರೆಕ್ಷನ್ನನ್ನ (ಕೋಣೆಗೆ ತಕ್ಕಂಗೆ ಸೌಂಡು ತಿದ್ದೋದು, ಅದಕ್ಕೂ ಸ್ವಲ್ಪ ಹೊತ್ತು ಹಿಡಿಯುತ್ತೆ) ಟಿವಿ ಇನ್‌ಪುಟ್ಟಿಗೆ ಮಾತ್ರ ಆಫ್ ಮಾಡ್ದೆ, ತುಟಿಗೂ ಮಾತಿಗೂ ಹೊಂದ್ಕೊಳ್ತು.

ಎರಡರಲ್ಲೂ ಆಟೋ ಅಪ್‌ಡೇಟ್ ಆಫ್ ಮಾಡಿದೀನಿ. ಸೆಕ್ಯೂರಿಟಿ ಗಿಕ್ಯೂರಿಟಿ ಅಂತ ಬೈಬೇಡಿ, ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಕಾಫಿ ಹಿಡ್ಕೊಂಡು ನಾನೇ ಹಾಕ್ತೀನಿ, ಒಂದು ಸಲಕ್ಕೆ ಒಂದಕ್ಕೇ, ಅದಕ್ಕೂ ಮುಂಚೆ ಸೌಂಡ್ ಸೆಟ್ಟಿಂಗ್ ಪುಟದ್ದು ಮೊಬೈಲಲ್ಲೊಂದು ಫೋಟೋ. ಈಗ ಉಳಿದಿರೋದು ಒಂದೇ ಕಿರಿಕಿರಿ, ನಾನು ಹಾಡು ಕೇಳ್ತಾ ಇರುವಾಗ ಅಮ್ಮ ಟಿವಿ ಆನ್ ಮಾಡಿದ್ರೆ ಸಿಇಸಿ ಹೇಳದೆ ಕೇಳದೆ ಇನ್‌ಪುಟ್ ಬದಲಾಯಿಸಿ ಹಾಡು ಅರ್ಧಕ್ಕೆ ಕಡಿಯುತ್ತೆ. ಅದನ್ನ ನಿಲ್ಲಿಸೋ ಬಟನ್ನು ಹುಡುಕಿದೀನಿ, ಸಿಕ್ಕಿದೆ, ಆದ್ರೆ ಅಮ್ಮನ್ನ ಕೇಳಿದ್ರೆ "ಈಗ ಸರಿ ಇದ್ಯಲ್ಲ, ಮುಟ್ಬೇಡ" ಅಂತಾರೆ.