ಹಳ್ಳ ದಾಟುವ ಜೀಪಿಗೆ ಆರು ಮೀಟರ್ ಪೈಪು

ಮೇ ತಿಂಗಳ ಕೊನೆಯ ಶನಿವಾರ. ಜೀಪಿನ ಹಿಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವೆ ಆಕ್ಸಲ್ಲನ್ನೂ ಹಲ್ಲುಚಕ್ರಗಳನ್ನೂ ಹೊತ್ತ, ಎಣ್ಣೆ ಹಾಕಿದ ಕಬ್ಬಿಣದ ಗೂಡು) ಮುಚ್ಚಳದ ಕೆಳಗಿನ ಬೋಲ್ಟುಗಳನ್ನು ಸಡಿಲಿಸಿದ್ದೇ ತಡ, ಬಾಣಲೆಗೆ ಸುರಿದದ್ದು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದ ದ್ರವ. ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಿದ್ದ ಮಗ, "ಅಪ್ಪಾ, ಇದು ಎಣ್ಣೆಯಾ?" ಅಂದ. ಎಣ್ಣೆಯೇ, ನೀರು ಸೇರಿದ ಎಣ್ಣೆ. ನನಗೆ ಹೊಟ್ಟೆಯಲ್ಲಿ ಒಂದು ತರಹ ಆಯಿತು. ಹಿಂದಿನ ಆಗಸ್ಟಿನಲ್ಲಿ ಇದೇ ಹೌಸಿಂಗಿನ ಕ್ರೌನ್ ಪಿನಿಯನ್, ಅಂದರೆ ಚಕ್ರಕ್ಕೆ ಬಲ ಕೊಡುವ ಹಲ್ಲುಚಕ್ರದ ಜೋಡಿ, ಹೋಗಿ ಇಪ್ಪತ್ತೆರಡು ಸಾವಿರ ಕೊಟ್ಟಿದ್ದೆ. ಹಾಕಿಸಿದ ಹೊಸ ಎಣ್ಣೆಗೆ ಒಂದು ವರ್ಷವೂ ತುಂಬಿರಲಿಲ್ಲ.

ನಮ್ಮ ಮನೆ ಕಳಸದಿಂದ ಒಳಗೆ. ಡಾಂಬರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಷ್ಟೇ ನೀರು. ಜೂನ್ ಹದಿನೈದರ ನಂತರ ಚಕ್ರದ ಮುಕ್ಕಾಲು ಮುಳುಗುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಬಂದ ದಿನ ನಾವು ಹಳ್ಳದ ಕಡೆ ಮುಖ ಹಾಕುವುದೇ ಇಲ್ಲ. ಉಳಿದ ದಿನಗಳಲ್ಲಿ ಹಾಲು, ಗೊಬ್ಬರ, ಅಮ್ಮನ ಬಿಪಿ ಮಾತ್ರೆ, ಮಗನ ಕಾಲೇಜು, ಎಲ್ಲಕ್ಕೂ ಈ ಜೀಪೇ. ಮಹೀಂದ್ರ ಎಂಎಂ 540, ಪ್ಯೂಜೋ ಡೀಸೆಲ್ ಇಂಜಿನ್ನಿನದು. ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅವರು ಹೋದ ಮೇಲೂ ಸ್ಟೀರಿಂಗಿನ ಮೇಲೆ ಅವರ ಕೈ ಸವೆಸಿದ ಜಾಗ ಹಾಗೇ ಇದೆ.

ಮೂಡಿಗೆರೆಯ ಮೇಸ್ತ್ರಿಗೆ ಫೋನ್ ಮಾಡಿದೆ. ಎಣ್ಣೆಯ ಬಣ್ಣ ಹೇಳಿದ ಕೂಡಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬ್ರೀದರ್ ಎಲ್ಲಿದೆ ನೋಡಿದ್ರಾ ಮಾರಾಯ್ರೇ?"

ನೋಡಿರಲಿಲ್ಲ. ಹೌಸಿಂಗಿನ ಮೇಲೆ ಕೆಸರು ಮೆತ್ತಿಕೊಂಡ ಒಂದು ಪುಟ್ಟ ಟೋಪಿ. ಓಡುವಾಗ ಒಳಗಿನ ಹಲ್ಲುಗಳ ಉಜ್ಜಾಟಕ್ಕೆ ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಆ ಗಾಳಿ ಹೊರಗೆ ಹೋಗಲು ಇಟ್ಟ ದಾರಿ ಅದು. ಕಾದ ಹೌಸಿಂಗನ್ನು ಏಕಾಏಕಿ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಆಗ ಬ್ರೀದರ್ ನೀರಿನಡಿಯಲ್ಲಿದ್ದರೆ ಎಳೆಯುವುದು ನೀರನ್ನೇ. ಕೆಸರು ಕಟ್ಟಿ ಬ್ರೀದರ್ ಮುಚ್ಚಿಹೋಗಿದ್ದರೆ ಆಕ್ಸಲ್ ಸೀಲಿನ ಸಂದಿಯಿಂದ ಎಳೆಯುತ್ತದೆ. ಪ್ರತಿದಿನ ಎರಡು ಸಲ, ನಾಲ್ಕು ತಿಂಗಳು, ನಾನೇ ನನ್ನ ಕೈಯಾರೆ ಹೌಸಿಂಗಿಗೆ ನೀರು ಕುಡಿಸಿದ್ದೆ. ಪುಣ್ಯಕ್ಕೆ ಬೇರಿಂಗ್ ಇನ್ನೂ ಗಟ್ಟಿಯಿತ್ತು.

ಮೇಸ್ತ್ರಿ ಹೇಳಿದ ಪರಿಹಾರ ಎಷ್ಟು ಸಣ್ಣದೆಂದರೆ ಕೇಳಿ ಅಳು ಬರುವಂತಾಯಿತು. ಬ್ರೀದರ್ ಬಿಚ್ಚಿ ಆ ಜಾಗಕ್ಕೆ ಒಂದು ನಿಪ್ಪಲ್ ಕೂರಿಸು, ಡೀಸೆಲ್ ಪೈಪು ಸಿಕ್ಕಿಸು, ಬಾನೆಟ್ಟಿನ ಒಳಗೆ ಬ್ಯಾಟರಿಗಿಂತ ಮೇಲಕ್ಕೆ ಒಯ್ದು ಕಟ್ಟು, ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಹಾಕು. ಮುಂದಿನ ಹೌಸಿಂಗಿಗೂ ಅಷ್ಟೇ. ಎಂಟು ಮಿಲಿಮೀಟರಿನ ಪೈಪು ಆರು ಮೀಟರ್, ಲೇತಿನಲ್ಲಿ ಕಡೆಸಿದ ಎರಡು ಹಿತ್ತಾಳೆ ನಿಪ್ಪಲ್, ಎರಡು ಫಿಲ್ಟರ್. ಎಲ್ಲ ಸೇರಿ ಸಾವಿರದ ನೂರು ರೂಪಾಯಿ ದಾಟಲಿಲ್ಲ. ಪೈಪು ಎಳೆಯುವಾಗ ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲ ಬಿಡಬೇಕು, ಸೈಲೆನ್ಸರಿನಿಂದ ದೂರ ಇರಬೇಕು, ಎಲ್ಲೂ ತಗ್ಗಿನಲ್ಲಿ ಜೋತು ಬೀಳಬಾರದು, ಬಿದ್ದರೆ ಅಲ್ಲೇ ನೀರು ನಿಲ್ಲುತ್ತದೆ. ಇಷ್ಟನ್ನು ನೋಡಿಕೊಂಡರೆ ಮುಗಿಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗಾಡಿಯ ಅಡಿಗೆ ಮಲಗಿದವನಿಗೆ ಒಂದು ಕಂಡರೆ ಇನ್ನೊಂದು ಕಾಣುತ್ತದೆ. ಹಿಂದಿನ ಎಡಬದಿಯ ಬ್ಲೇಡ್ ಸೆಟ್ಟಿನಲ್ಲಿ, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಸ್ಪ್ರಿಂಗಿನಲ್ಲಿ, ಎರಡನೆಯ ಬ್ಲೇಡ್ ಅಡ್ಡಡ್ಡ ಸೀಳಿತ್ತು. ಉಳಿದ ಬ್ಲೇಡುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು.

ಇಲ್ಲಿ ಮಗನಿಗೂ ನನಗೂ ಚರ್ಚೆಯಾಯಿತು. ಅವನಿಗೆ ಜೀಪು ಎತ್ತರವಾಗಬೇಕು. ಎರಡು ಬ್ಲೇಡ್ ಹೆಚ್ಚಿಗೆ ಹಾಕಿಸಿ, ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಉದ್ದ ಮಾಡಿಸಿ, ದಪ್ಪ ಟೈರು ಹಾಕಿದ ಜೀಪುಗಳ ವಿಡಿಯೋ ನೋಡಿ ಬೆಳೆದ ಹುಡುಗ. ಅವನ ಆಸೆ ತಪ್ಪೆಂದು ನಾನು ಹೇಳಲಿಲ್ಲ. ಬದಲಿಗೆ ಇಬ್ಬರೂ ಸೇರಿ ಅಳತೆ ಮಾಡೋಣ ಅಂದೆ. ಅಂಗಳದಲ್ಲಿ ಒಂದು ಅಡಿ ಎತ್ತರದ ಹಲಸಿನ ದಿಮ್ಮಿ ಇತ್ತು. ಮುಂದಿನ ಬಲ ಚಕ್ರವನ್ನು ನಿಧಾನಕ್ಕೆ ಅದರ ಮೇಲೆ ಹತ್ತಿಸಿ ನಿಲ್ಲಿಸಿದೆ. ಹಿಂದಿನ ಬಲ ಚಕ್ರ ನೆಲ ಬಿಟ್ಟು ಮೇಲೆದ್ದಿತ್ತು. ಮಗ ಅಡಿಯಲ್ಲಿ ಕೈಯಿಟ್ಟು ನೋಡಿದ: ನಾಲ್ಕು ಬೆರಳು.

ಆ ನಾಲ್ಕು ಬೆರಳಿನ ಸಂದಿಯಲ್ಲೇ ನಮ್ಮ ಎಲ್ಲ ಕಷ್ಟ ಇತ್ತು. ಎಡಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ನಮ್ಮ ಜೀಪಿಗೆ ಇಲ್ಲ. ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ನೆಲದ ಮೇಲಿರುವ ಅದರ ಜೋಡಿ ಚಕ್ರಕ್ಕೆ ಬಲ ಸಿಕ್ಕುವುದಿಲ್ಲ. ಫೋರ್ ವೀಲ್ ಹಾಕಿದರೂ ಮುಂದೊಂದು ಹಿಂದೊಂದು ಚಕ್ರ ಎದ್ದರೆ ಗಾಡಿ ಅಲ್ಲೇ. ಬ್ಲೇಡ್ ಹೆಚ್ಚಿಸಿದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ, ಚಕ್ರ ಇನ್ನೂ ಬೇಗ ಮೇಲೇಳುತ್ತದೆ. ಶ್ಯಾಕಲ್ ಉದ್ದವಾದರೆ ಮುಂದಿನ ಆಕ್ಸಲಿನ ಕೋನ ಕೆಟ್ಟು ಡಾಂಬರಿನಲ್ಲಿ ಸ್ಟೀರಿಂಗ್ ಓಲಾಡುತ್ತದೆ, ಇಂಜಿನ್ನಿನ ಬಲವನ್ನು ಹೌಸಿಂಗಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಅದರ ಕೀಲಾದ ಕ್ರಾಸು ಬೇಗ ಸವೆಯುತ್ತದೆ. ನಮ್ಮ ದಾರಿಗೆ ಬೇಕಾದದ್ದು ಎತ್ತರ ನಿಲ್ಲುವ ಜೀಪಲ್ಲ ಮಗಾ, ಮೈ ಬಾಗಿಸುವ ಜೀಪು ಅಂದೆ.

ಅವನು ಒಪ್ಪಿದ. ಅಥವಾ ಅಳತೆ ಒಪ್ಪಿಸಿತು.

ಭಾನುವಾರ ಪೂರ್ತಿ ಬ್ಲೇಡಿನ ಕೆಲಸ. ಚಾಸಿಯ ಅಡಿಗೆ ದಿಮ್ಮಿ ಕೊಟ್ಟು ನಿಲ್ಲಿಸಿದೆವು, ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬಾರದು. ಸೆಟ್ಟನ್ನು ಕೆಳಗಿಳಿಸಿ, ಎರಡೂ ಬದಿ ಕ್ಲ್ಯಾಂಪ್ ಬಿಗಿದೇ ನಡುವಿನ ಸೆಂಟರ್ ಬೋಲ್ಟ್ ಬಿಚ್ಚಿದ್ದು. ಕ್ಲ್ಯಾಂಪಿಲ್ಲದೆ ಬಿಚ್ಚಿದರೆ ಬ್ಲೇಡು ಸಿಡಿದು ಮುಖಕ್ಕೆ ಬರುತ್ತದೆ. ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಒಂದೊಂದು ಬ್ಲೇಡನ್ನೂ ವೈರ್ ಬ್ರಷ್ಷಿನಿಂದ ಉಜ್ಜಿ, ಎಮರಿ ಕಾಗದ ಹಾಕಿ, ತುದಿಗಳ ಚೂಪು ಅಂಚನ್ನು ಅರದಿಂದ ಸವರಿ, ಗ್ರಾಫೈಟ್ ಗ್ರೀಸ್ ಬಳಿದೆವು. ಸೀಳಿದ ಬ್ಲೇಡಿಗೆ ಬದಲು ಚಿಕ್ಕಮಗಳೂರಿನ ಗುಜರಿಯಿಂದ ಅದೇ ಅಗಲ, ಅದೇ ದಪ್ಪದ್ದು ತರಿಸಿದ್ದೆ. ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಮಾತ್ರ ಹೊಸತು. ಒಮ್ಮೆ ಎಳೆದು ಬಿಗಿದ ಯು-ಬೋಲ್ಟನ್ನು ಮತ್ತೆ ನಂಬುವುದಕ್ಕೆ ನನಗೆ ಧೈರ್ಯವಿಲ್ಲ. ಬುಷ್ಷುಗಳನ್ನೂ ಬದಲಿಸಿದೆವು. ಅಮ್ಮ ಎರಡು ಸಲ ಬಂದು "ಊಟಕ್ಕೆ ಬನ್ನಿ" ಅಂದವರು ಮೂರನೆಯ ಸಲ ಅಕ್ಕಿರೊಟ್ಟಿಯನ್ನು ಅಲ್ಲಿಗೇ ತಂದರು. ಗ್ರೀಸಿನ ಕೈಗೆ ಅವರೇ ಮುರಿದು ಬಾಯಿಗಿಟ್ಟರು, ಮಗನಿಗೂ ನನಗೂ.

ಸಂಜೆ ಐದೂವರೆಗೆ ಅದೇ ದಿಮ್ಮಿ, ಅದೇ ಚಕ್ರ. ಮಗ ಮಂಡಿಯೂರಿ ನೋಡಿ ಕೂಗಿದ: "ಅಪ್ಪಾ, ಮುಟ್ತಾ ಉಂಟು!" ಟೈರಿನ ಅಡಿ ನೆಲಕ್ಕೆ ತಾಗಿತ್ತು. ಹಗುರಕ್ಕೆ, ಆದರೆ ತಾಗಿತ್ತು. ಜೀಪಿನ ಎತ್ತರ ಒಂದು ನೂಲೂ ಹೆಚ್ಚಿರಲಿಲ್ಲ. ಅಷ್ಟು ಸಂತೋಷ ನನಗೆ ಹೊಸ ಗಾಡಿ ಕೊಂಡವರ ಮನೆಯಲ್ಲೂ ಕಂಡಿಲ್ಲ.

ಟೈರಿನ ಮಾತು. ನಮ್ಮದು ಹಳೆಯ ಅಳತೆಯ 6.00-16, ಸಪೂರ ಟೈರು. ದಪ್ಪ ಟೈರು ನೋಡಲು ಚೆಂದ, ಮರಳಿನ ಊರಿಗೆ ಅದೇ ಸರಿ, ಅಗಲಕ್ಕೆ ಹರಡಿ ಮೇಲೆ ತೇಲುತ್ತದೆ. ನಮ್ಮ ಕೆಮ್ಮಣ್ಣಿನ ದಾರಿಯಲ್ಲಿ ಮೇಲೆ ಒಂದು ಗೇಣು ಕೆಸರು, ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ. ಸಪೂರ ಟೈರು ಕೆಸರನ್ನು ಸೀಳಿ ಆ ಗಟ್ಟಿಯನ್ನು ಹಿಡಿಯುತ್ತದೆ. ಮಲೆನಾಡಿನ ಹಳೆಯ ಡ್ರೈವರುಗಳು ಈ ಟೈರನ್ನೇ ಬಿಡದೆ ಹಿಡಿದದ್ದಕ್ಕೆ ಕಾರಣ ಇದ್ದೇ ಇದೆ.

ಕಾನೂನೂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮುಂದೆ ಕಬ್ಬಿಣದ ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಕೊನೆಯಲ್ಲೇ ರಾಜ್ಯಗಳಿಗೆ ಬರೆದಿತ್ತು. ಡಾಂಬರಿನಲ್ಲಿ ಎದುರಿಗೆ ಬರುವವರ ಪ್ರಾಣದ ಪ್ರಶ್ನೆ ಅದು, ನಾನು ಪೂರ್ತಿ ಒಪ್ಪುತ್ತೇನೆ. ಗಾಡಿಯ ಆಕಾರ, ಇಂಜಿನ್, ಉದ್ದ ಅಗಲ ಎತ್ತರ ಯಾವುದನ್ನೂ ಮುಟ್ಟದೆ ಮಾಡಬಹುದಾದ ಕೆಲಸವೇ ನಮ್ಮ ಕೈಯ ಅಳತೆಗೂ ಕಿಸೆಯ ಅಳತೆಗೂ ಸರಿ.

ಉಳಿದ ವಾರ ಸಂಜೆಗಳಲ್ಲಿ ಎರಡು ಕೆಲಸ ಮುಗಿಸಿದೆವು. ಒಂದು, ಎಳೆಯುವ ಕೊಕ್ಕೆ. ಬಂಪರಿಗೆ ವೆಲ್ಡ್ ಮಾಡಿದ್ದ ಹಳೆಯ ಕೊಕ್ಕೆಯನ್ನು ಕತ್ತರಿಸಿ ತೆಗೆದೆ. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುವಾಗ ವೆಲ್ಡ್ ಬಿಟ್ಟರೆ ಆ ಕಬ್ಬಿಣ ಗುಂಡಿನ ಹಾಗೆ ಹಾರುತ್ತದೆ. ಹೊಸದನ್ನು ಮುಂದೆ ಹಿಂದೆ ನೇರ ಚಾಸಿಗೇ ಕೂರಿಸಿದ್ದು, ತಲೆಯ ಮೇಲೆ 8.8 ಎಂದು ಗಟ್ಟಿತನದ ಅಂಕಿ ಕೊರೆದ ಬೋಲ್ಟಿನಲ್ಲಿ. ಆ ಅಂಕಿಯಿಲ್ಲದ ಬೋಲ್ಟನ್ನು ಅಂಗಡಿಯವರು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಇನ್ನೊಂದು, ಚೈನು. ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನು ಸುತ್ತುವುದು ನಮ್ಮ ಕಡೆ ಹೊಸತೇನಲ್ಲ. ಸುಮ್ಮನೆ ಒಂದೇ ಸರಪಳಿ ಸುತ್ತಿದರೆ ಅದು ಜಾರಿ ಬ್ರೇಕ್ ಹೋಸಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಏಣಿಯಂತೆ ಮಾಡಿದೆವು: ಟೈರಿನ ಎರಡು ಬದಿಗೆ ಎರಡು ಉದ್ದ ಸರಪಳಿ, ನಡುವೆ ಹನ್ನೆರಡು ಅಡ್ಡ ತುಂಡು. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಸರಪಳಿಯೇ. ನೆಲದ ಮೇಲೆ ಹಾಸಿ, ಅದರ ಮೇಲೆ ಜೀಪು ತಂದು, ಎರಡೂ ತುದಿ ಮೇಲೆತ್ತಿ ಕೊಂಡಿ ಹಾಕುವುದು. ಹೊರಬದಿಯಲ್ಲಿ ಲಾರಿ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿ ಎಳೆದರೆ ಸಡಿಲವಾಗುವುದಿಲ್ಲ. ಡಾಂಬರು ಸಿಕ್ಕಿದಲ್ಲಿ ಬಿಚ್ಚಲೇಬೇಕು, ಇಲ್ಲದಿದ್ದರೆ ರಸ್ತೆಯೂ ಹಾಳು, ಟೈರೂ ಹಾಳು.

ಒಟ್ಟು ಖರ್ಚನ್ನು ಮಗನೇ ಪುಸ್ತಕದಲ್ಲಿ ಬರೆದಿಟ್ಟ. ಎಣ್ಣೆ, ಬ್ಲೇಡು, ಯು-ಬೋಲ್ಟು, ಬುಷ್ಷು, ಪೈಪು, ಕೊಕ್ಕೆ, ಚೈನು ಎಲ್ಲ ಸೇರಿ ಒಂಬತ್ತು ಸಾವಿರದ ನಾನೂರು.

ಜುಲೈ ಎರಡನೆಯ ವಾರ ಮೂರು ದಿನ ಬಿಡದೆ ಹೊಯ್ದಿತು. ನಾಲ್ಕನೆಯ ದಿನ ಬೆಳಿಗ್ಗೆ ಮಳೆ ತುಸು ಹೊಳವಾದಾಗ ಹಳ್ಳದ ಹತ್ತಿರ ಇಳಿದು ಕೋಲು ಊರಿ ನೋಡಿದೆ. ಮೊಣಕಾಲಿಗಿಂತ ಒಂದು ಗೇಣು ಮೇಲೆ, ಸೆಳೆತ ಕಮ್ಮಿ. ದಾಟಬಹುದು. ಐದು ನಿಮಿಷ ಅಲ್ಲೇ ಜೀಪು ನಿಲ್ಲಿಸಿ ಹೌಸಿಂಗ್ ತಣಿಯಲು ಬಿಟ್ಟೆ. ಮೊದಲು ಇದನ್ನೂ ಮಾಡುತ್ತಿರಲಿಲ್ಲ. ಫ್ಯಾನ್ ಬೆಲ್ಟ್ ಬಿಚ್ಚಿದೆ, ಇಲ್ಲದಿದ್ದರೆ ಫ್ಯಾನು ಇಂಜಿನ್ನಿನ ತುಂಬ ನೀರು ಎರಚುತ್ತದೆ. ಮುಂದಿನ ಜಾಲರಿಗೆ ಟಾರ್ಪಾಲು ಕಟ್ಟಿದೆವು. ಫೋರ್ ವೀಲ್ ಲೋ ಹಾಕಿ, ಒಂದನೇ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ಇಳಿಸಿದೆ. ಮುಂದೆ ನೀರು ಒಂದು ಅಲೆಯಾಗಿ ಎದ್ದು ಬಾಗಿತು. ನಡುವಿನ ಬಂಡೆಯ ಮೇಲೆ ಹಿಂದಿನಿಂದ ಪ್ರತಿ ವರ್ಷ ಚಕ್ರ ತಿರುಗಿ ನಿಲ್ಲುತ್ತಿದ್ದ ಜಾಗ ಬಂತು. ಜೀಪು ಓರೆಯಾಯಿತು, ಮಗ ಮೇಲಿನ ಕಂಬಿ ಹಿಡಿದ. ಹಿಂದಿನ ಚಕ್ರ ಒಮ್ಮೆ ಕೊಸರಿ, ಹಿಡಿದು, ಹತ್ತಿತು. ಆಕ್ಸಿಲರೇಟರ್ ಮೇಲಿನ ಕಾಲನ್ನು ನಾನು ಒಂದಿಷ್ಟೂ ಒತ್ತಿರಲಿಲ್ಲ.

ಆಚೆ ದಡದಲ್ಲಿ ಬೆಲ್ಟ್ ಹಾಕಿ, ಬ್ರೇಕು ಒಣಗಲು ನಾಲ್ಕು ಸಲ ಒತ್ತಿ, ಕಳಸಕ್ಕೆ ಹೋಗಿ ಮಾತ್ರೆ ತಂದೆವು.

ಆಗಸ್ಟ್ ಹದಿನೈದರಂದು ಎರಡೂ ಹೌಸಿಂಗಿನ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕಿದೆ. ಹಿಂದಿನದು ಜೇನಿನ ಬಣ್ಣ, ಹಾಕಿದ ದಿನ ಹೇಗಿತ್ತೋ ಹಾಗೆ. ಮುಂದಿನದರಲ್ಲಿ ಮಾತ್ರ ಬೆರಳ ತುದಿಗೆ ಬೆಳ್ಳಗಿನ ಒಂದು ಗೆರೆ ಅಂಟಿತು. ಮಗ ಅಷ್ಟರಲ್ಲಿ ಮುಂದಿನ ಎಡ ಚಕ್ರದ ಹಿಂದೆ ತಲೆ ಹಾಕಿ, "ಅಪ್ಪಾ, ಈ ಗೋಲದ ಸೀಲು ಹರಿದಿದೆ, ನೀರು ಇಲ್ಲಿಂದಲೇ ಹೋಗಿರಬೇಕು" ಅಂದ. ಹೌದು, ಚಕ್ರ ಎಡಬಲ ತಿರುಗುವ ಕೀಲನ್ನು ಮುಚ್ಚಿದ ಆ ಗೋಲದ ಸಂದಿಯಿಂದಲೇ. ಸೀಲಿಗೆ ಹೇಳಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಕಳಿಸುತ್ತಾರಂತೆ. ಬಂದರೆ ಈ ಭಾನುವಾರವೇ ಚಕ್ರ ಬಿಚ್ಚುತ್ತೇವೆ.