ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳು

ತಂಗಿಯ ಮದುವೆಗೆಂದು ದಾವಣಗೆರೆಯ ಮಂಡಿಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಮುಖಕ್ಕೆ ಹಚ್ಚುವ ಫೌಂಡೇಶನ್ ಕ್ರೀಮಿನ ಎರಡು ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ಬೆಲೆಯಲ್ಲಿ ಬಹಳ ಅಂತರವಿದ್ದರೂ ಹಿಂಬದಿಯ ಪದಾರ್ಥಗಳ ಪಟ್ಟಿಯ ಆರಂಭದ ಹೆಸರುಗಳು ಬಹುತೇಕ ಒಂದೇ ಆಗಿದ್ದವು: ನೀರು, ನುಣುಪಾಗಿ ಹರಡಲು ಡೈಮೆಥಿಕೋನ್, ತೇವಕ್ಕೆ ಗ್ಲಿಸರಿನ್, ಬಣ್ಣಕ್ಕೆ ಟೈಟಾನಿಯಂ ಡೈಆಕ್ಸೈಡ್ ಮತ್ತು ಸಿ.ಐ. 77491 ಎಂಬ ಬಣ್ಣದ ಸೂಚಿ (ಕಲರ್ ಇಂಡೆಕ್ಸ್) ಸಂಖ್ಯೆಯಲ್ಲಿ ಅಡಗಿರುವ ಕೆಂಪು ಐರನ್ ಆಕ್ಸೈಡ್.

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಉಳಿದವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ದುಬಾರಿ ಡಬ್ಬಿಯ ಮುಂಭಾಗದಲ್ಲಿ ಹೊಂಬಣ್ಣದ ದೊಡ್ಡ ಅಕ್ಷರಗಳಲ್ಲಿದ್ದ ಕೇಸರಿ, ಹಿಂಬದಿಯಲ್ಲಿ ಕ್ರೀಮು ಕೆಡದಂತೆ ಕಾಯುವ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕದ ನಂತರ ಕಾಣಿಸಿಕೊಂಡಿತ್ತು. ಈ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ. 1ಕ್ಕೆ ಮೀರಿ ಬಳಸುವುದಿಲ್ಲವಾದ್ದರಿಂದ ಕೇಸರಿಯ ಪ್ರಮಾಣವೂ ಅಷ್ಟರೊಳಗೇ ಇರಬೇಕೆಂದು ಊಹಿಸಬಹುದು. ಹೆಣ್ಣುಮಕ್ಕಳು ಕೂಡಿಟ್ಟ ಹಣ ಹೀಗೆ ಒಂದು ಹೆಸರಿಗೆ ಖರ್ಚಾಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಆದರೂ ಬಣ್ಣದ ಪುಡಿಯನ್ನು ಎಷ್ಟು ನಯವಾಗಿ ಅರೆದಿದ್ದಾರೆ, ಅದು ಚರ್ಮದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಯಾವ ಪಟ್ಟಿಯೂ ತಿಳಿಸುವುದಿಲ್ಲ. ಪರಿಮಳ ಎಂಬ ಒಂದೇ ಪದದೊಳಗೆ ಹತ್ತಾರು ರಾಸಾಯನಿಕಗಳಿರಬಹುದು. ಪರಿಮಳವಿರುವ ಕ್ರೀಮು ತಾಗಿದರೆ ತಂಗಿಯ ಕೆನ್ನೆ ಕೆಂಪಾಗಿ ತುರಿಸುತ್ತದೆ. ಆದ್ದರಿಂದ ಪರಿಮಳವಿಲ್ಲದ ಅಗ್ಗದ ಡಬ್ಬಿಯನ್ನೇ ಕೊಂಡೆವು. ಲಿಪ್‌ಸ್ಟಿಕ್‌ನಂಥ 30 ಗ್ರಾಂಗಿಂತ ಚಿಕ್ಕ ಪೊಟ್ಟಣಗಳಿಗೆ ಈ ಪಟ್ಟಿಯಿಂದ ವಿನಾಯಿತಿಯಿದೆ. ತುಟಿಗೆ ಹಚ್ಚುವ, ಊಟದೊಂದಿಗೆ ಹೊಟ್ಟೆಗೂ ಸೇರುವ ವಸ್ತುವಿಗೆ ಆ ವಿನಾಯಿತಿ ಇರಬಾರದಿತ್ತು.